ಮಾಳಿಗೆ ಮೇಲಿನ ಮಾತೂ ಉಳಿದ ಊರು

ಇಬ್ಬರು ತಾಯಂದಿರು ಮಾಳಿಗೆ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದಾರೆ. ಅವರ ಹೆಣ್ಣುಮಕ್ಕಳು ಹಿಂದೆ ಕೂತು ಅಮ್ಮಂದಿರ ತಲೆಯಲ್ಲಿ ಹೇನು ನೋಡುತ್ತಿದ್ದಾರೆ. ಮಾತಿಗೆ ಮಾತು ಬಂದು ಒಬ್ಬಳು ಕೇಳುತ್ತಾಳೆ, ಕಂಬಕ್ಕೆ ಕಟ್ಟಿ ಜೀವಂತ ಸುಡುವಾಗ ಆ ಜನ ಅಷ್ಟು ಉರಿಯನ್ನು ಹೇಗೆ ತಡೆದುಕೊಳ್ಳುತ್ತಾರೋ ಅಂತ. ಅಷ್ಟೂ ತಿಳಿಯದವಳೇ ಎಂದು ಇನ್ನೊಬ್ಬಳು ಗದರುತ್ತಾಳೆ. ಆ ನೋವನ್ನು ದೇವರು ತನ್ನ ಮೇಲೆ ಹಾಕಿಕೊಳ್ಳುತ್ತಾನೆ ಅನ್ನುತ್ತಾಳೆ. ಆ ಹೊತ್ತಿಗೆ ಹಾದು ಹೋಗುತ್ತಿದ್ದ ಮತ್ತೊಬ್ಬ ಹೆಂಗಸಿನ ಕಿವಿಗೆ ಇದಿಷ್ಟೂ ಬೀಳುತ್ತದೆ.

ಈ ಮಾತುಕತೆ ನಡೆದು ಏಳು ನೂರು ವರ್ಷವಾಯಿತು. ಕೇಳಿಸಿಕೊಂಡವಳು ಎಷ್ಟೋ ಕಾಲದ ಮೇಲೆ ಬಿಷಪ್ಪನ ಮುಂದೆ ನಿಂತು ಅದನ್ನು ಹೇಳಿದಳು, ಗುಮಾಸ್ತ ಬರೆದುಕೊಂಡ, ಬರೆದದ್ದು ಉಳಿಯಿತು. ಹಾಗೆ ಉಳಿದ ನೂರಾರು ಮಾತುಗಳಿಂದಾಗಿ ಮೊಂತಾಯು ಎಂಬ ಸಣ್ಣ ಹಳ್ಳಿಯ ಒಳಬದುಕು ನಮಗೆ ಗೊತ್ತಿದೆ. ಆ ಕಾಲದ ದೊಡ್ಡ ದೊಡ್ಡ ಪಟ್ಟಣಗಳ ಬಗ್ಗೆಯೂ ಇಷ್ಟು ಗೊತ್ತಿಲ್ಲ. ರಾಜರ ಯುದ್ಧ, ಒಪ್ಪಂದ, ಮದುವೆಗಳನ್ನು ಬರೆದಿಟ್ಟವರು ಬೇಕಾದಷ್ಟು ಜನ. ಕುರಿ ಕಾಯುವವನು ಹಣೆಬರಹದ ಬಗ್ಗೆ ಏನು ಯೋಚಿಸುತ್ತಿದ್ದ, ಹಾಲೂಡಿಸುವ ತಾಯಿ ಧರ್ಮದ ಕಟ್ಟಳೆಯನ್ನು ಯಾಕೆ ಮುರಿದಳು ಎಂಬುದನ್ನು ಬರೆದಿಟ್ಟ ಕಡತಗಳು ಜಗತ್ತಿನಲ್ಲೇ ಅಪರೂಪ.

ಮೊಂತಾಯು ಇರುವುದು ಫ್ರಾನ್ಸಿನ ದಕ್ಷಿಣದಲ್ಲಿ, ಸ್ಪೇನ್ ಗಡಿಯ ಕಡೆಯ ಪಿರನೀಸ್ ಪರ್ವತಗಳಲ್ಲಿ, ಈಗಿನ ಆರಿಯೆಜ್ ಜಿಲ್ಲೆಯಲ್ಲಿ. ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರ. ಗುಡ್ಡದ ನೆತ್ತಿಯಲ್ಲಿ ಕುಸಿದ ಕೋಟೆ, ಅದರ ಕೆಳಗೆ ಒಂದಿಷ್ಟು ಕಲ್ಲಿನ ಮನೆ, ಸುತ್ತ ಹುಲ್ಲುಗಾವಲು, ಅದರಾಚೆ ಕಾಡು. ಈಗ ಅಲ್ಲಿ ವರ್ಷವಿಡೀ ನೆಲೆಸಿರುವವರು ಮೂವತ್ತು ಜನರೂ ಇಲ್ಲ. ಆದರೂ ಅದು ಸ್ವತಂತ್ರ ‘ಕಮ್ಯೂನ್’. ಅದಕ್ಕೆ ತನ್ನದೇ ಮೇಯರ್, ತನ್ನದೇ ಪಂಚಾಯಿತಿ ಉಂಟು. ಫ್ರಾನ್ಸಿನಲ್ಲಿ ಇಂಥ ಕಮ್ಯೂನುಗಳು 34,000ಕ್ಕೂ ಹೆಚ್ಚಿವೆ, ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ 500 ಜನರೂ ಇಲ್ಲ. ಮಹಾಕ್ರಾಂತಿಯ ಕಾಲದಲ್ಲಿ ಊರೂರಿಗೂ ಕೊಟ್ಟ ಆ ಸ್ವಾಯತ್ತತೆಯನ್ನು ಹಳ್ಳಿಗಳು ಇಂದಿಗೂ ಬಿಟ್ಟುಕೊಟ್ಟಿಲ್ಲ. ಜನ ಪಟ್ಟಣ ಸೇರಿದರು, ಶಾಲೆಗಳು ಮುಚ್ಚಿದವು, ಕೊನೆಯ ಅಂಗಡಿಯೂ ಬಾಗಿಲು ಹಾಕಿತು; ಆದರೆ ಪಂಚಾಯಿತಿ ಕಚೇರಿ ಉಳಿಯಿತು. ಮೊಂತಾಯುವಿನದೂ ಮೇಲ್ನೋಟಕ್ಕೆ ಇದೇ ಕಥೆ. ಅದರ ಹಿಂದಿನ ಕಥೆ ಮಾತ್ರ ಬೇರೆ ಯಾವ ಹಳ್ಳಿಗೂ ಇಲ್ಲ.

1300ರ ಸುಮಾರಿಗೆ ಇಲ್ಲಿ 200ರಿಂದ 250 ಜನ ಇದ್ದರು. ಮೇಲೆ ಕೋಟೆ, ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಮನೆಗಳು. ಚಳಿಯ ನೆಲವಾದ್ದರಿಂದ ದ್ರಾಕ್ಷಿ ಬೆಳೆಯುತ್ತಿರಲಿಲ್ಲ. ವೈನ್ ಹೊರಗಿನಿಂದ ಬರಬೇಕಿತ್ತು. ಓಟ್ಸ್, ಗೋಧಿ, ಟರ್ನಿಪ್ ಗೆಡ್ಡೆ, ಸೆಣಬು ಬೆಳೆಯುತ್ತಿದ್ದರು. ಗೋಧಿ ಬೀಸಿಸಲು ಮೂಟೆಯನ್ನು ಹೇಸರಗತ್ತೆ ಮೇಲೆ ಹೇರಿಕೊಂಡು ಆಕ್ಸ್ ಪಟ್ಟಣಕ್ಕೆ ಇಳಿಯಬೇಕಿತ್ತು. ಗಾಡಿ ಓಡುವ ದಾರಿ ಇರಲಿಲ್ಲ. ಇದ್ದ ದೊಡ್ಡ ಸಂಪತ್ತೆಂದರೆ ಕುರಿ. ಇಡೀ ಸೀಮೆ ಫ್ವಾ ಎಂಬಲ್ಲಿನ ಕೌಂಟ್‌ನ ಅಧೀನದಲ್ಲಿತ್ತು.

ಆ ಊರಲ್ಲಿ ಎಲ್ಲಕ್ಕಿಂತ ದೊಡ್ಡದು ಮನೆ. ಮನೆ ಎಂದರೆ ಬರೀ ಗೋಡೆ ಸೂರುಗಳಲ್ಲ. ಒಲೆ, ಹೊಲ, ಮಂದಿ, ಮಾನ, ಅದೃಷ್ಟ ಎಲ್ಲವೂ ಸೇರಿದ್ದು. ಕ್ಲೆರ್ಗ್ ಮನೆತನದ ಹಿರಿಯ ಪೋನ್ಸ್ ಸತ್ತಾಗ ಅವನ ಹೆಂಡತಿ ಮೆಂಗಾರ್ದ್ ನೆರೆಯ ಹೆಂಗಸರಿಂದ ಅವನ ತಲೆಗೂದಲಿನ ತುದಿಯನ್ನೂ ಉಗುರಿನ ಚೂರುಗಳನ್ನೂ ಕತ್ತರಿಸಿ ತೆಗೆಸಿಟ್ಟಳು. ಯಜಮಾನ ಹೋದರೂ ಮನೆಯ ಭಾಗ್ಯ ಅವನ ಹಿಂದೆ ಹೋಗಬಾರದಲ್ಲ. ಅದನ್ನು ಹೇಗೆ ಕತ್ತರಿಸಬೇಕು, ಎಲ್ಲಿಡಬೇಕು ಎಂಬುದು ಆ ಹೆಂಗಸರಿಗೆಲ್ಲ ಗೊತ್ತಿತ್ತು. ಪಾದ್ರಿ ಹೇಳಿಕೊಟ್ಟ ಧರ್ಮದಲ್ಲಿ ಇದಿಲ್ಲ. ಅದಕ್ಕೂ ಹಳೆಯ ಪದರವೊಂದು ಆ ನೆಲದಲ್ಲಿತ್ತು.

ಆ ಪದರದ ಮೇಲೆ ಇನ್ನೊಂದು ನಂಬಿಕೆಯೂ ಬೇರು ಬಿಟ್ಟಿತ್ತು. ಅದೇ ಕಥಾರ್ ಮತ. ಈ ಲೋಕವನ್ನು, ಮೈಯನ್ನು, ಮಣ್ಣನ್ನು ಸೃಷ್ಟಿಸಿದವನು ಒಳ್ಳೆಯ ದೇವರಲ್ಲ, ಕೆಡುಕಿನ ಶಕ್ತಿ. ಆತ್ಮ ಮಾತ್ರ ಒಳ್ಳೆಯ ದೇವರದು, ಅದು ಮೈಯೆಂಬ ಸೆರೆಯಲ್ಲಿ ಸಿಕ್ಕಿಬಿದ್ದಿದೆ ಎಂದು ಕಥಾರರು ನಂಬಿದ್ದರು. ಬಿಡುಗಡೆ ಸಿಗುವವರೆಗೆ ಆತ್ಮ ಒಂದು ಮೈಯಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತದೆ, ಪ್ರಾಣಿಗಳ ಮೈಗೂ ಹೋಗುತ್ತದೆ. ಅವರ ಗುರುಗಳು ‘ಒಳ್ಳೆಯ ಜನ’ ಎಂದು ಕರೆಸಿಕೊಳ್ಳುತ್ತಿದ್ದರು. ಅವರಿಗೆ ಮಾಂಸ, ಮೊಟ್ಟೆ, ಹಾಲು ನಿಷಿದ್ಧ, ಮೀನು ಮಾತ್ರ ಆಗಬಹುದು. ಸ್ತ್ರೀಸಂಗವಿಲ್ಲ, ಪ್ರಾಣಿಹತ್ಯೆಯಿಲ್ಲ, ಆಣೆ ಇಡುವಂತಿಲ್ಲ. ಒಂದು ಕಥೆ ಆ ಬೆಟ್ಟಗಳಲ್ಲೆಲ್ಲ ಪ್ರಚಲಿತವಾಗಿತ್ತು. ಒಬ್ಬ ಗುರು ಜೊತೆಗಾರನೊಂದಿಗೆ ನಡೆಯುತ್ತಾ ಒಂದು ಜಾಗಕ್ಕೆ ಬಂದಾಗ, ಹಿಂದಿನ ಜನ್ಮದಲ್ಲಿ ತಾನು ಕುದುರೆಯಾಗಿದ್ದೆ, ಇಲ್ಲೇ ಎರಡು ಕಲ್ಲುಗಳ ನಡುವೆ ಕಾಲು ಸಿಕ್ಕಿ ಲಾಳ ಕಳೆದುಕೊಂಡಿದ್ದೆ ಎಂದು ನೆನೆಸಿಕೊಳ್ಳುತ್ತಾನೆ. ಹುಡುಕಿದರೆ ಲಾಳ ಅಲ್ಲೇ ಸಿಗುತ್ತದೆ. ಕುರಿಗಾಹಿಗಳು ಇದನ್ನು ಒಬ್ಬರಿಗೊಬ್ಬರು ಹೇಳಿಕೊಂಡು ನಲಿಯುತ್ತಿದ್ದರು.

ರೋಮ್‌ನ ಚರ್ಚಿಗೆ ಈ ಮತವನ್ನು ಸಹಿಸುವುದು ಸಾಧ್ಯವಿರಲಿಲ್ಲ. ಪೋಪ್ ಕರೆಕೊಟ್ಟು 1209ರಲ್ಲಿ ಶುರುವಾದ ಧರ್ಮಯುದ್ಧ ಇಪ್ಪತ್ತು ವರ್ಷ ನಡೆದು ದಕ್ಷಿಣ ಫ್ರಾನ್ಸನ್ನು ಹಣ್ಣುಮಾಡಿತು. 1244ರಲ್ಲಿ ಮೊಂಸೆಗ್ಯೂರ್ ಕೋಟೆ ಬಿದ್ದಾಗ 200ಕ್ಕೂ ಹೆಚ್ಚು ಕಥಾರರನ್ನು ಒಟ್ಟಿಗೆ ಸುಟ್ಟರು. ಅಲ್ಲಿಗೆ ಆ ಮತ ಮುಗಿಯಿತೆಂದೇ ಎಲ್ಲರೂ ಅಂದುಕೊಂಡಿದ್ದರು. ಆದರೆ 1296ರಲ್ಲಿ ಆಕ್ಸ್ ಪಟ್ಟಣದ ಪಿಯೆರ್ ಒತಿಯೇ ಎಂಬ ಅನುಕೂಲಸ್ಥ ನೋಟರಿ ಮನೆಮಠ ಬಿಟ್ಟು, ತಮ್ಮನನ್ನು ಕರೆದುಕೊಂಡು ಇಟಲಿಯ ಲೊಂಬಾರ್ದಿಗೆ ಹೋದ. ಅಲ್ಲಿ ದೀಕ್ಷೆ ಪಡೆದು ಮೂರ್ನಾಲ್ಕು ವರ್ಷದಲ್ಲಿ ಹಿಂದಿರುಗಿದ. ಅಣ್ಣತಮ್ಮಂದಿರು ರಾತ್ರಿಯ ಹೊತ್ತು ಊರಿಂದೂರಿಗೆ ನಡೆದು ಉಪದೇಶ ಮಾಡುತ್ತಿದ್ದರು, ಅಟ್ಟ, ಕಣಜಗಳಲ್ಲಿ ಅಡಗುತ್ತಿದ್ದರು. ಮೊಂತಾಯುವಿನ ಹೆಚ್ಚಿನ ಮನೆಗಳು ಅವರಿಗೆ ಬಾಗಿಲು ತೆರೆದವು. ಪಿಯೆರ್ ಒತಿಯೇಯನ್ನು 1310ರಲ್ಲಿ ತುಲೂಸ್‌ನಲ್ಲಿ ಸುಟ್ಟರು.

ಊರು ಹೀಗೆ ಗುಟ್ಟಾಗಿ ಕಥಾರ್ ಪಾಲಾಗಲು ಊರಿನ ಕ್ಯಾಥೊಲಿಕ್ ಪಾದ್ರಿಯ ರಕ್ಷಣೆಯೇ ಬೆನ್ನಿಗಿತ್ತು. ಅವನು ಪಿಯೆರ್ ಕ್ಲೆರ್ಗ್, ಸತ್ತಾಗ ಕೂದಲು ಉಗುರು ತೆಗೆಸಿಟ್ಟರೆಂದೆನಲ್ಲ, ಆ ಪೋನ್ಸ್‌ನ ಮಗ. ಅವನ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಬೆರ್ನಾರ್, ಕೌಂಟ್‌ನ ಪರವಾಗಿ ಕಂದಾಯ ಎತ್ತುವ, ನಮ್ಮಲ್ಲಿ ಪಟೇಲ ಎನ್ನುತ್ತಿದ್ದೆವಲ್ಲ, ಅಂಥ ಅಧಿಕಾರಿ. ಧರ್ಮವೂ ದಂಡವೂ ಒಂದೇ ಮನೆಯಲ್ಲಿ. ಪಾದ್ರಿ ಭಾನುವಾರ ಪೂಜೆ ಮಾಡುತ್ತಿದ್ದ, ಒಳಗೊಳಗೇ ಕಥಾರರಿಗೆ ನೆರಳಾಗಿದ್ದ, ಊರಿನ ಎಷ್ಟೋ ಹೆಂಗಸರೊಂದಿಗೆ ಸಂಬಂಧ ಇಟ್ಟುಕೊಂಡಿದ್ದ. ಅಧಿಕಾರದ ರುಚಿ ಹತ್ತಿದ ಮೇಲೆ ಅವನು ಇನ್ನೂ ಅಪಾಯಕಾರಿಯಾದ. ಕಾರ್ಕಾಸೋನ್‌ನ ಧರ್ಮವಿಚಾರಣಾ ಮಂಡಳಿಗೆ, ಅಂದರೆ ಇನ್‌ಕ್ವಿಸಿಷನ್ನಿಗೆ, ಅವನೇ ಮಾಹಿತಿದಾರನೂ ಆದ. 1308ರಲ್ಲಿ ಆ ಮಂಡಳಿಯ ಪಡೆ ಬಂದು ಮೊಂತಾಯುವಿನ ವಯಸ್ಕರೆಲ್ಲರನ್ನೂ, ಗಂಡು ಹೆಣ್ಣೆನ್ನದೆ, ಒಂದೇ ದಿನ ಹಿಡಿಯಿತು. ಆಮೇಲೆ ಯಾರು ಜೈಲಿಗೆ, ಯಾರು ಮನೆಗೆ, ಯಾರ ಅಂಗಿಯ ಮೇಲೆ ಹಳದಿ ಶಿಲುಬೆ ಹೊಲಿಯಬೇಕು ಎಂಬುದರಲ್ಲಿ ಕ್ಲೆರ್ಗ್ ಮನೆಯ ಮಾತು ನಡೆಯುತ್ತಿತ್ತು. ಹಗೆಗಳನ್ನು ಹಿಡಿದುಕೊಟ್ಟರು, ತಮ್ಮವರನ್ನು ಉಳಿಸಿಕೊಂಡರು. ತಮ್ಮ ಮನೆಯ ಕಥಾರ್ ನಂಟನ್ನು ಬಾಯಿಬಿಟ್ಟ ಮೋರ್ಸ್ ಮನೆತನದ ಹೆಂಗಸಿನ ನಾಲಿಗೆಯನ್ನೇ ಕತ್ತರಿಸಿಹಾಕಿದರು.

ಹಳದಿ ಶಿಲುಬೆ ಸಣ್ಣ ಶಿಕ್ಷೆಯೆಂದು ಕಾಣಬಹುದು. ಬಟ್ಟೆಯ ಮೇಲೆ ಎದ್ದು ಕಾಣುವ ಹಳದಿ ಗುರುತನ್ನು ಹೊಲಿದುಕೊಂಡು ಹೊಲಕ್ಕೆ, ಸಂತೆಗೆ, ಚರ್ಚಿಗೆ ಹೋಗಬೇಕು. ಕಂಡವರು ಹೀಯಾಳಿಸುತ್ತಾರೆ, ಕೂಲಿಗೆ ಕರೆಯುವುದಿಲ್ಲ, ಹೆಣ್ಣು ಕೊಡುವುದಿಲ್ಲ. ಒಂದು ಹಳ್ಳಿಯಲ್ಲಿ ಅಷ್ಟು ಜನ ಒಟ್ಟಿಗೆ ಅದನ್ನು ತೊಟ್ಟುಕೊಂಡು ತಿರುಗಿದ್ದನ್ನು ಊಹಿಸಿಕೊಳ್ಳಿ.

1317ರಲ್ಲಿ ಪಾಮಿಯೆ ಪಟ್ಟಣಕ್ಕೆ ಹೊಸ ಬಿಷಪ್ ಬಂದ. ಹೆಸರು ಜಾಕ್ ಫೂರ್ನಿಯೆ. ಅದೇ ಸೀಮೆಯ ಸಾವೆರ್ದೆನ್‌ನಲ್ಲಿ ಸಾಮಾನ್ಯ ಮನೆಯಲ್ಲಿ ಹುಟ್ಟಿದವನು, ಸಿಸ್ಟರ್ಸಿಯನ್ ಸನ್ಯಾಸಿ. ಲಂಚಕ್ಕೆ ಬಗ್ಗುವವನಲ್ಲ, ಸುಸ್ತಾಗುವವನೂ ಅಲ್ಲ. ಕುರಿಮರಿಗಳ ಮೇಲಿನ ದಶಾಂಶ ತೆರಿಗೆಯನ್ನು ಬಿಗಿಯಾಗಿ ವಸೂಲು ಮಾಡಿಸಿ ಬೆಟ್ಟದ ಜನರ ಶಾಪ ಕಟ್ಟಿಕೊಂಡ. 1318ರಿಂದ 1325ರವರೆಗೆ ಅವನು ನಡೆಸಿದ ವಿಚಾರಣೆಗಳ ಲೆಕ್ಕ ಹೀಗಿದೆ: 370 ದಿನ ಕಲಾಪ, 578 ವಿಚಾರಣೆ, 98 ಪ್ರಕರಣ, ಆರೋಪ ಹೊತ್ತವರು ನೂರಕ್ಕೂ ಹೆಚ್ಚು ಜನ. ಅವರಲ್ಲಿ ಸುಮಾರು 25 ಜನ ಮೊಂತಾಯುವಿನವರು. ಸಣ್ಣ ಊರಿನ ಹತ್ತರಲ್ಲೊಬ್ಬರು!

ಫೂರ್ನಿಯೆ ಚಿತ್ರಹಿಂಸೆಯನ್ನು ಹೆಚ್ಚಾಗಿ ನೆಚ್ಚಲಿಲ್ಲ. ತಾಳ್ಮೆಯೇ ಅವನ ಆಯುಧ. ಒಬ್ಬರ ಹೇಳಿಕೆಯನ್ನು ಇನ್ನೊಬ್ಬರದಕ್ಕೆ ಹೊಂದಿಸಿ ನೋಡುವನು, ಸಣ್ಣ ವ್ಯತ್ಯಾಸ ಕಂಡರೂ ಬಿಡುವವನಲ್ಲ. ಬೇಕಾದರೆ ತಿಂಗಳುಗಟ್ಟಲೆ ಕತ್ತಲಕೋಣೆಯಲ್ಲಿ ಕೂಡಿಹಾಕಿ ಮತ್ತೆ ಕರೆಸಿ ಕೇಳುವನು. ಅಪರಾಧಕ್ಕೆ ಸಂಬಂಧವಿಲ್ಲದ್ದನ್ನೂ ಕೇಳುತ್ತಿದ್ದ: ಆಗ ಎಲ್ಲಿ ಕೂತಿದ್ದಿರಿ, ಯಾರ ಎದುರಿಗೆ ಯಾರಿದ್ದರು, ಏನು ಉಣ್ಣುತ್ತಿದ್ದಿರಿ? ಜನ ತಮ್ಮ ಆಕ್ಸಿತಾನ್ ಮಾತಿನಲ್ಲಿ ಹೇಳಿದ್ದನ್ನು ಗುಮಾಸ್ತರು ಲ್ಯಾಟಿನ್ನಿನಲ್ಲಿ ಬರೆದುಕೊಳ್ಳುತ್ತಿದ್ದರು. ಆಮೇಲೆ ಅದನ್ನೇ ಅವರ ಮಾತಿನಲ್ಲಿ ಓದಿ ಹೇಳಿ ಒಪ್ಪಿಗೆ ಪಡೆದು ಶುದ್ಧಪ್ರತಿ ಮಾಡುತ್ತಿದ್ದರು. ಇಷ್ಟೆಲ್ಲ ಆದ ಮೇಲೆ ಐವರನ್ನು ಸುಡಲಾಯಿತು. ಅವರಲ್ಲಿ ನಾಲ್ವರು ವಾಲ್ಡೆನ್ಸಿಯನ್ ಎಂಬ ಬೇರೆ ಪಂಥದವರು, ಐದನೆಯವನು ಮೊಂತಾಯುವಿನ ಗಿಯೋಮ್ ಫೋರ್. ಉಳಿದವರಿಗೆ ಜೈಲು, ಶಿಲುಬೆ, ಆಸ್ತಿ ಮುಟ್ಟುಗೋಲು.

ಆ ಕಡತದಲ್ಲಿ ಸಿಗುವವರಲ್ಲಿ ಮೊದಲು ಬಿಯಾತ್ರಿಸ್ ದ ಪ್ಲಾನಿಸೋಲ್ ಬಗ್ಗೆ ಹೇಳಬೇಕು. ಅವಳು ಕೋಟೆಯ ಅಧಿಕಾರಿಯ ಹೆಂಡತಿ, ಸಣ್ಣ ವಯಸ್ಸಿಗೇ ವಿಧವೆ, ಆಮೇಲೆ ಪಾದ್ರಿ ಪಿಯೆರ್ ಕ್ಲೆರ್ಗ್‌ನ ಪ್ರೇಯಸಿ. ಬಸುರಾಗುವ ಹೆದರಿಕೆ ಅವಳಿಗಿತ್ತು. ಪಾದ್ರಿ ಒಂದು ಬೇರನ್ನು ಬಟ್ಟೆಯಲ್ಲಿ ಸುತ್ತಿ, ದಾರದಲ್ಲಿ ಪೋಣಿಸಿ, ಜೊತೆಗಿದ್ದಾಗ ಅವಳ ಕೊರಳಿಗೆ ಕಟ್ಟುತ್ತಿದ್ದ. ಅದನ್ನಿಟ್ಟರೆ ಹಾಲು ಹೆಪ್ಪುಗಟ್ಟುವುದಿಲ್ಲ ಎಂದು ದನಗಾಹಿಗಳು ನಂಬಿದ್ದರು. ಗರ್ಭವೂ ಕಟ್ಟುವುದಿಲ್ಲ ಎಂಬುದು ಪಾದ್ರಿಯ ತರ್ಕ. ಕೆಲಕಾಲಾನಂತರ ಅವಳು ಊರು ಬಿಟ್ಟು ಇನ್ನೊಬ್ಬನನ್ನು ಮದುವೆಯಾದಳು, ಮತ್ತೆ ವಿಧವೆಯಾದಳು. 1320ರಲ್ಲಿ ಬಿಷಪ್‌ನಿಂದ ಕರೆ ಬಂದಾಗ ಹೆದರಿ ಓಡಿಹೋಗುವಾಗ ಸಿಕ್ಕಿಬಿದ್ದಳು. ಅವಳ ಚೀಲದಲ್ಲಿ ಸಿಕ್ಕಿದ್ದು ಮೊಮ್ಮಕ್ಕಳ ಒಣಗಿದ ಹೊಕ್ಕುಳಬಳ್ಳಿ, ಮಗಳ ಮೊದಲ ಮುಟ್ಟಿನ ರಕ್ತ ತಾಗಿದ ಬಟ್ಟೆ, ಧೂಪದ ಕಾಳು, ಕನ್ನಡಿ, ಬಟ್ಟೆ ಸುತ್ತಿದ ಸಣ್ಣ ಚಾಕು, ಗಿಡಮೂಲಿಕೆಯ ಬೀಜ, ಒಣಗಿದ ರೊಟ್ಟಿಯ ತುಂಡು. ವಿಚಾರಕರಿಗೆ ಇದು ಮಾಟ. ಅವಳು ಪ್ರತಿಯೊಂದಕ್ಕೂ ಕಾರಣ ಕೊಟ್ಟಳು: ಹೊಕ್ಕುಳಬಳ್ಳಿ ಕೋರ್ಟಿನ ವ್ಯಾಜ್ಯ ಗೆಲ್ಲಲು, ಆ ಬಟ್ಟೆ ಮಗಳ ಗಂಡ ಅವಳನ್ನು ಬಿಟ್ಟು ಬೇರೆಯವಳ ಕಡೆ ನೋಡದಿರಲಿ ಎಂದು. ಮಗಳ ಸಂಸಾರ ಚೆನ್ನಾಗಿರಲಿ ಎಂದು ಬೇಡುವ ತಾಯಿಯ ಗುಟ್ಟಿನ ಗಂಟನ್ನು ಹೀಗೆ ಕೋರ್ಟಿನ ಮೇಜಿನ ಮೇಲೆ ಬಿಚ್ಚಿಟ್ಟರು. ಎರಡು ಶಿಲುಬೆಗಳ ಶಿಕ್ಷೆಯೊಂದಿಗೆ 1322ರಲ್ಲಿ ಅವಳಿಗೆ ಬಿಡುಗಡೆಯಾಯಿತು.

ಇನ್ನೊಂದು ಹೇಳಿಕೆ ಮೊಂತಾಯುವಿನದಲ್ಲ, ಆರ್ಕ್ ಎಂಬ ಊರಿನದು. ಆದರೂ ಅದನ್ನು ಬಿಡುವ ಹಾಗಿಲ್ಲ. ಕಥಾರರಲ್ಲಿ ಸಾಯುವ ಮುನ್ನ ಕೊಡುವ ದೀಕ್ಷೆಯೊಂದಿತ್ತು. ಅದನ್ನು ಪಡೆದ ಮೇಲೆ ಅನ್ನಾಹಾರ ಮುಟ್ಟದೆ ಪ್ರಾಣ ಬಿಡಬೇಕು. ಸೀಬೀಲ್ ಪಿಯೆರ್ ಎಂಬವಳ ವರ್ಷವೂ ತುಂಬದ ಮಗಳು ಕಾಯಿಲೆ ಬಿದ್ದು ಸಾಯುವ ಹಾಗಾದಾಗ ಗುರು ಬಂದು ಆ ಶಿಶುವಿಗೇ ದೀಕ್ಷೆ ಕೊಟ್ಟ. ಇನ್ನು ಹಾಲು ಕೊಡಬೇಡ, ಹೀಗೇ ಹೋದರೆ ಮಗು ದೇವತೆಯಾಗುತ್ತದೆ ಎಂದ. ಗಂಡನಿಗೆ ಸಂತೋಷವಾಯಿತು. ಗುರುವೂ ಗಂಡನೂ ಹೊರಗೆ ಹೋದರು. ತಾಯಿಗೆ ತಡೆಯಲಾಗಲಿಲ್ಲ, ಕಣ್ಣೆದುರಿಗೆ ಮಗು ಹಸಿದು ಸಾಯುವುದನ್ನು ನೋಡಲಾರದೆ ಎದೆಗೆ ಹಚ್ಚಿಕೊಂಡಳು. ಗಂಡನಿಗೆ ಅದು ಗೊತ್ತಾಗಿ ಸಿಟ್ಟಿಗೆದ್ದ. ಬಹುಕಾಲ ಹೆಂಡತಿಯ ಮೇಲೂ ಮಗುವಿನ ಮೇಲೂ ಅವನಿಗೆ ಮಮತೆಯಿರಲಿಲ್ಲ ಎಂದು ಅವಳೇ ಹೇಳಿದ್ದಾಳೆ. ಮಧ್ಯಯುಗದ ಜನ ಮಕ್ಕಳನ್ನು ಅಷ್ಟಾಗಿ ಹಚ್ಚಿಕೊಳ್ಳುತ್ತಿರಲಿಲ್ಲ ಎಂದು ವಾದಿಸಿದ ಇತಿಹಾಸಕಾರರಿದ್ದಾರೆ. ಈ ತಾಯಿಯ ಮಾತಿನ ಮುಂದೆ ಆ ವಾದ ನಿಲ್ಲುವುದಿಲ್ಲ.

ನನಗೆ ಇಡೀ ಕಡತದಲ್ಲಿ ಅತಿ ಪ್ರಿಯನಾದವನು ಪಿಯೆರ್ ಮೋರಿ. ಮೊಂತಾಯುವಿನ ನೇಯ್ಗೆಯವನ ಮಗ, ವೃತ್ತಿಯಲ್ಲಿ ಕುರಿಗಾಹಿ. ಬೇಸಿಗೆಗೆ ಎತ್ತರದ ಹುಲ್ಲುಗಾವಲು, ಚಳಿಗಾಲಕ್ಕೆ ಕಣಿವೆಗಳನ್ನು ದಾಟಿ ಕತಲೂನ್ಯದ ಬಯಲು. ಗುಡ್ಡದ ಮೇಲಿನ ಗುಡಿಸಲಲ್ಲಿ ಆರೇಳು ಜನ ಕುರಿಗಾಹಿಗಳು ಸೇರಿ ಗಿಣ್ಣು ಮಾಡುತ್ತಿದ್ದರು, ಮೇ ತಿಂಗಳಲ್ಲಿ ಉಣ್ಣೆ ಕತ್ತರಿಸುತ್ತಿದ್ದರು. ಮೋರಿ ಕೆಲವು ಕಾಲ ಸ್ವಂತ ಕುರಿಗಳ ಒಡೆಯನಾಗಿದ್ದ, ಕೆಲವು ಕಾಲ ಬರಿಗೈ. ಎರಡಕ್ಕೂ ಅವನು ತಲೆಕೆಡಿಸಿಕೊಂಡವನಲ್ಲ. ಗೆಳೆತನವೇ ಅವನ ಆಸ್ತಿ. ಮಗುವಿನ ನಾಮಕರಣದ ಹೊತ್ತಿಗೆ ಧರ್ಮತಂದೆಯಾಗಿ ನಿಂತು ಊರೂರಲ್ಲಿ ನಂಟು ಬೆಳೆಸಿದ್ದ. ಹಿಡಿಯುವವರು ಹೊಂಚು ಹಾಕಿದ್ದಾರೆ, ಈ ಸೀಮೆಗೆ ಬರಬೇಡ ಎಂದು ಗೆಳೆಯರು ಎಚ್ಚರಿಸಿದಾಗ, ತಾನು ಬೆಳೆದ ರೀತಿಯಲ್ಲೇ ತನಗೆ ಬದುಕಲು ಬರುವುದು, ಹಣೆಬರಹ ತಪ್ಪಿಸಲಾಗದು ಎಂಬರ್ಥದ ಮಾತು ಹೇಳಿ ಮತ್ತೆ ಬೆಟ್ಟ ಹತ್ತಿದ. ಅವನ ತಂದೆತಾಯಿಯ ಮನೆಯನ್ನು ಪಾಷಂಡಿಗಳ ಮನೆಯೆಂದು ಮೂರು ಸಲ ಕೆಡವಿದ್ದರು.

ಮೋರಿ ನಂಬಿದ್ದ ಗುರು ಗಿಯೋಮ್ ಬೆಲಿಬಾಸ್ತ್, ದಕ್ಷಿಣ ಫ್ರಾನ್ಸಿನ ಲಾಂಗೆದೋಕ್ ಸೀಮೆಯ ಕಥಾರ್ ಗುರುಗಳಲ್ಲಿ ಆ ಕಾಲಕ್ಕೆ ಕೊನೆಯವನು. ಜಗಳದಲ್ಲಿ ಒಬ್ಬ ಕುರಿಗಾಹಿಯನ್ನು ಕೊಂದು ಓಡಿಹೋಗಿ ಗುರುವಾದವನು. ಗಡಿಯಾಚೆಯ ಸಾಂತ್ ಮತೇವು, ಮೊರೆಲ್ಲಾ ಊರುಗಳಲ್ಲಿ ಒಂದಿಷ್ಟು ಭಕ್ತರೊಂದಿಗೆ ತಲೆಮರೆಸಿಕೊಂಡಿದ್ದ. ಬ್ರಹ್ಮಚರ್ಯದ ವ್ರತ ಹೊತ್ತ ಅವನು ತನ್ನೊಂದಿಗಿದ್ದ ರೆಮೊಂದ್ ಎಂಬವಳು ಬಸುರಾದಾಗ ಮೋರಿಯನ್ನು ಒಪ್ಪಿಸಿ ಅವಳೊಂದಿಗೆ ಮದುವೆ ಮಾಡಿಸಿದ. ಕೆಲವೇ ದಿನಗಳಲ್ಲಿ ಆ ಮದುವೆಯನ್ನು ತಾನೇ ಮುರಿಸಿದ. ಮೋರಿಗೆ ಎಲ್ಲ ಅರ್ಥವಾಗಿರಬೇಕು. ಆದರೂ ಅವನು ಗುರುವನ್ನು ಬಿಟ್ಟುಕೊಡಲಿಲ್ಲ. ಬಿಟ್ಟುಕೊಟ್ಟವನು ಆರ್ನೋ ಸಿಕ್ರ್. ಪಾಷಂಡಿಯೆಂದು ಸುಡಿಸಿಕೊಂಡ ತಾಯಿಯ ಮಗ. ಮುಟ್ಟುಗೋಲಾದ ಅವಳ ಮನೆಯನ್ನು ವಾಪಸು ಪಡೆಯುವುದೇ ಅವನ ಹಟ. ಚಮ್ಮಾರಿಕೆ ಮಾಡುತ್ತ ಸಾಂತ್ ಮತೇವುವಿಗೆ ಬಂದು ಭಕ್ತನ ವೇಷ ಹಾಕಿದ. ಫೂರ್ನಿಯೆ ಅವನ ಕೈಗೆ ಹಣ ಕೊಟ್ಟು ಕಳಿಸಿದ್ದ. ಗುರುವನ್ನು ನಂಬಿಸಿ ಆ ಊರಿನಿಂದ ಹೊರಗೆ ಕರೆತಂದು ಹಿಡಿಸಿದ. ಬೆಲಿಬಾಸ್ತ್‌ನನ್ನು 1321ರಲ್ಲಿ ವಿಲ್‌ರೂಜ್-ತೆರ್ಮೆನೆಸ್ ಎಂಬಲ್ಲಿ ಸುಟ್ಟರು. ಪಿಯೆರ್ ಮೋರಿಯೂ ಸಿಕ್ಕಿಬಿದ್ದು 1324ರಲ್ಲಿ ಜೈಲು ಪಾಲಾದ. ಬೆಟ್ಟದಿಂದ ಬೆಟ್ಟಕ್ಕೆ ಅಲೆದವನು ನಾಲ್ಕು ಗೋಡೆಯ ನಡುವೆ ಹೇಗಿದ್ದ ಎಂಬುದು ಆ ಕಡತದಲ್ಲಿಲ್ಲ.

ಕ್ಲೆರ್ಗ್ ಮನೆಯೂ ಉಳಿಯಲಿಲ್ಲ. 1320ರಲ್ಲಿ ಪಾದ್ರಿಯೂ ಬಂದಿಯಾದ. ಅವನ ಒಂದೇ ಒಂದು ಹೇಳಿಕೆಯೂ ಕಡತದಲ್ಲಿಲ್ಲ. ಅಷ್ಟು ಜನರ ಬಗ್ಗೆ ಅಷ್ಟೊಂದು ತಿಳಿದಿದ್ದವನು ಏನೂ ಹೇಳದೆ ಸೆರೆಯಲ್ಲೇ ಸತ್ತ. ಬೆರ್ನಾರ್ ಕಟು ಸೆರೆವಾಸದ ಶಿಕ್ಷೆಗೆ ಗುರಿಯಾಗಿ 1324ರಲ್ಲೇ ತೀರಿಕೊಂಡ.

ಮೊಂತಾಯುವಿನ ಆಚೆಯ ಹಳ್ಳಿಗಳ ಹೇಳಿಕೆಗಳನ್ನೂ ಓದಿದರೆ ಇನ್ನೊಂದು ಬೆರಗು ಕಾದಿದೆ. ಓರ್ನೊಲಾಕ್ ಎಂಬ ಊರಿನ ಹೆಂಗಸೊಬ್ಬಳು ಆತ್ಮವೆಂದರೆ ರಕ್ತವಷ್ಟೇ, ಸಾಯುವಾಗ ಬಾಯಿಂದ ಹೋಗುವುದು ಬರೀ ಗಾಳಿ ಎಂದಿದ್ದಳು. ಲೋಕಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ ಎಂದವರಿದ್ದರು. ಓದು ಬರಹ ಬಾರದ ಈ ಜನ ಕಥಾರರ ಮಾತನ್ನೂ ಕೇಳಿದರು, ಪಾದ್ರಿಯ ಮಾತನ್ನೂ ಕೇಳಿದರು, ಕೊನೆಗೆ ತಮ್ಮ ತಲೆಗೆ ತೋಚಿದ್ದನ್ನು ನಂಬಿದರು. ಮಧ್ಯಯುಗದ ಯುರೋಪಿನ ಹಳ್ಳಿಗನೆಂದರೆ ಚರ್ಚು ಹೇಳಿದ್ದಕ್ಕೆ ತಲೆಯಾಡಿಸುವವನು ಎಂದು ನಾವು ಅಂದುಕೊಂಡಿದ್ದರೆ, ಅದನ್ನು ಬಿಡಬೇಕಾಗುತ್ತದೆ.

ಫೂರ್ನಿಯೆ ಮುಂದೆ ಕಾರ್ಡಿನಲ್ ಆದ. 1334ರಲ್ಲಿ ಹನ್ನೆರಡನೆಯ ಬೆನೆಡಿಕ್ಟ್ ಎಂಬ ಹೆಸರಿನಲ್ಲಿ ಪೋಪನೇ ಆದ. ಆವಿನ್ಯೋನ್‌ನಲ್ಲಿ ಇಂದಿಗೂ ನಿಂತಿರುವ ಪೋಪರ ಭವ್ಯ ಅರಮನೆಯ ಹಳೆಯ ಭಾಗವನ್ನು ಕಟ್ಟಿಸಿದವನು ಇವನೇ. ಅವನು ಪೋಪನಾದದ್ದರಿಂದಲೇ ಮೊಂತಾಯು ಉಳಿಯಿತೆನ್ನಬೇಕು. ಹಳ್ಳಿಗಾಡಿನ ಬಿಷಪ್ಪನಾಗಿಯೇ ಸತ್ತಿದ್ದರೆ ಕಡತ ಎಲ್ಲಿ ಹುಳ ಹಿಡಿದು ಹೋಗುತ್ತಿತ್ತೋ. ತಾನು ನಡೆಸಿದ ವಿಚಾರಣೆಗಳ ದಾಖಲೆಯನ್ನು ಅವನು ಜೊತೆಗಿಟ್ಟುಕೊಂಡ, ಅದು ಪೋಪರ ಪುಸ್ತಕಭಂಡಾರ ಸೇರಿತು. ಈಗ ವ್ಯಾಟಿಕನ್ ಗ್ರಂಥಾಲಯದಲ್ಲಿ ಲ್ಯಾಟಿನ್ ಹಸ್ತಪ್ರತಿ ಸಂಖ್ಯೆ 4030.

ಶತಮಾನಗಳ ಕಾಲ ಅದನ್ನು ಮುಟ್ಟಿದವರು ಕೆಲವೇ ವಿದ್ವಾಂಸರು. 1965ರಲ್ಲಿ ಜಾಂ ದ್ಯುವೆರ್ನ್ವಾ ಎಂಬ ಫ್ರೆಂಚ್ ವಿದ್ವಾಂಸ ಇಡೀ ಲ್ಯಾಟಿನ್ ಪಠ್ಯವನ್ನು ಮೂರು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಅದನ್ನು ಹಿಡಿದು ಎಮ್ಯಾನುಯೆಲ್ ಲ ರ್ವಾ ಲಾದ್ಯುರಿ 1975ರಲ್ಲಿ ‘ಮೊಂತಾಯು’ ಪುಸ್ತಕ ಬರೆದರು. ನಾರ್ಮಂಡಿಯ ಹಳ್ಳಿಯಲ್ಲಿ 1929ರಲ್ಲಿ ಹುಟ್ಟಿದ ಇತಿಹಾಸಕಾರ ಅವರು, 2023ರಲ್ಲಿ ತೀರಿಕೊಂಡರು. ವಿಚಾರಣೆಯ ಕ್ರಮವನ್ನು ಬದಿಗಿಟ್ಟು ಮನೆ, ಕುರಿ, ಪ್ರೀತಿ, ಮಗು, ಸಾವು, ಹರಟೆ ಎಂದು ಊರಿನ ಬದುಕನ್ನೇ ಅಧ್ಯಾಯಗಳಾಗಿ ಹರಡಿದರು. ದಪ್ಪನೆಯ ಈ ಇತಿಹಾಸಗ್ರಂಥ ಲಕ್ಷಗಟ್ಟಲೆ ಪ್ರತಿ ಮಾರಾಟವಾಯಿತು. ಅದಕ್ಕೆ ಕಾಲವೂ ಕೂಡಿಬಂದಿತ್ತು. ಹಳ್ಳಿಗಳು ಖಾಲಿಯಾಗುತ್ತಿದ್ದವು, ದಕ್ಷಿಣದವರು ತಮ್ಮ ಆಕ್ಸಿತಾನ್ ನುಡಿಗಾಗಿ ದನಿ ಎತ್ತುತ್ತಿದ್ದರು, ಲಾರ್ಜಾಕ್ ಪ್ರಸ್ಥಭೂಮಿಯ ಕುರಿ ಸಾಕುವ ರೈತರು ಸೇನಾ ನೆಲೆಯ ವಿಸ್ತರಣೆಯ ವಿರುದ್ಧ ಹೋರಾಟಕ್ಕಿಳಿದಿದ್ದರು. ಪಟ್ಟಣ ಸೇರಿದ ಓದುಗರಿಗೆ ಈ ಪುಸ್ತಕದಲ್ಲಿ ಅಜ್ಜ ಅಜ್ಜಿಯರ ಊರು ಕಂಡಿತು.

ಆಕ್ಷೇಪಗಳೂ ಬಂದವು, ಅವು ಸರಿಯಾದವೇ. ರೆನಾತೊ ರೊಸಾಲ್ದೊ ಎಂಬ ಮಾನವಶಾಸ್ತ್ರಜ್ಞರ ತಕರಾರು ಮುಖ್ಯವಾದದ್ದು. ಲಾದ್ಯುರಿ ಈ ಹೇಳಿಕೆಗಳನ್ನು ಹಳ್ಳಿಗರು ಮನಬಿಚ್ಚಿ ಆಡಿದ ಮಾತುಗಳೆಂಬಂತೆ ಬಳಸಿಕೊಂಡರು; ಅವು ಹೊರಟದ್ದು ಸೆರೆಮನೆಯ ಹೆದರಿಕೆಯಲ್ಲಿ ಎಂಬುದನ್ನು ಮುನ್ನುಡಿಯಲ್ಲಿ ಹೇಳಿ ಆಮೇಲೆ ಮರೆತುಬಿಟ್ಟರು ಎಂದರು. ಇಟಲಿಯ ಕಾರ್ಲೊ ಗಿಂಜ್ಬರ್ಗ್ ಇದೇ ಪ್ರಶ್ನೆಯನ್ನು ಬೇರೆ ಕಡೆಯಿಂದ ನೋಡಿ, ವಿಚಾರಣೆ ಮಾಡುವವನೂ ಮಾನವಶಾಸ್ತ್ರಜ್ಞನೂ ಕೇಳುವ ಪ್ರಶ್ನೆಗಳಲ್ಲಿರುವ ಕಳವಳಕಾರಿ ಹೋಲಿಕೆಯನ್ನು ಎತ್ತಿ ತೋರಿಸಿದರು. ನನಗನ್ನಿಸುವುದು, ಹೆದರಿಕೆಯಲ್ಲಿ ಆಡಿದ ಮಾತೆಲ್ಲ ಸುಳ್ಳಲ್ಲ. ಹಾಲೂಡಿಸಿದ್ದನ್ನು ಹೇಳಿದರೆ ಸೀಬೀಲ್‌ಗೆ ಲಾಭವಿತ್ತು, ನಿಜ. ಕಥಾರ್ ಕಟ್ಟಳೆ ಮುರಿದೆ ಎಂದು ತೋರಿಸಿಕೊಳ್ಳಬಹುದಿತ್ತು. ಆದರೆ ಗಂಡನ ಮಮತೆ ತಪ್ಪಿದ್ದನ್ನು ಹೇಳಿ ಅವಳಿಗೆ ಸಿಗಬೇಕಾದ್ದು ಏನೂ ಇರಲಿಲ್ಲ. ಅಂಥ ಕಡೆ, ಕೇಳದೆ ಬಂದ ಮಾತಿನಲ್ಲಿ, ಮನುಷ್ಯರು ಸಿಗುತ್ತಾರೆ.

ಇಂದಿನ ಮೊಂತಾಯುವಿಗೆ ಬೇಸಿಗೆಯಲ್ಲಿ ಪ್ರವಾಸಿಗರು ಬರುತ್ತಾರೆ. ಕೋಟೆಯ ಗೋಡೆಗಳು ಉಳಿದಿವೆ. ಅದರ ಬುಡದಲ್ಲಿದ್ದ ಹಳೆಯ ಊರು ಮಣ್ಣಡಿಗೆ ಸೇರಿ ಈಗಿನ ಮನೆಗಳು ಇನ್ನೂ ಕೆಳಗೆ ಸರಿದಿವೆ. ಊರಾಚೆ ಕಾರ್ನೆಸ್ ಮಾತೆಯ ಸಣ್ಣ ಗುಡಿಯಿದೆ. ಕ್ಲೆರ್ಗ್ ಸೋದರರು ತಮ್ಮ ತಾಯಿ ಮೆಂಗಾರ್ದ್‌ಳನ್ನು ಅದರ ಪೂಜಾಪೀಠದ ಕೆಳಗೇ ಹೂಳಿಸಿದ್ದರು, ಅದಕ್ಕೆ ಊರವರು ಗೊಣಗಿದ್ದೂ ಕಡತದಲ್ಲಿದೆ. 2000ದ ಆಗಸ್ಟ್‌ನಲ್ಲಿ ವಿದ್ವಾಂಸರು ಈ ಹಳ್ಳಿಯಲ್ಲೇ ಸೇರಿ ಅದರ ಇತಿಹಾಸದ ಬಗ್ಗೆ ವಿಚಾರಸಂಕಿರಣ ನಡೆಸಿದರು. ಕ್ಲೆರ್ಗ್ ಎಂಬ ಮನೆತನದ ಹೆಸರು ಊರಲ್ಲಿ ಈಗಲೂ ಇದೆ.

ಲಾದ್ಯುರಿಯವರ ಪುಸ್ತಕ ಇಂಗ್ಲಿಷಿನಲ್ಲಿ 1978ರಿಂದ ಸಿಗುತ್ತಿದೆ, ಬಾರ್ಬರಾ ಬ್ರೇ ಅವರ ಅನುವಾದದಲ್ಲಿ. ಮೂಲಕ್ಕಿಂತ ಸಾಕಷ್ಟು ಮೊಟಕಾದ ಆವೃತ್ತಿ ಅದು, ಆದರೂ ಸಾಲುತ್ತದೆ. ಹಳ್ಳಿಯ ಬದುಕನ್ನು ಪ್ರೀತಿಸುವ ಯಾರೇ ಆಗಲಿ ಅದನ್ನು ಓದಬೇಕು. ಓದುವಾಗ ಪ್ರತಿ ಪುಟದಲ್ಲೂ ಒಂದನ್ನು ಮನಸ್ಸಿನಲ್ಲಿಡಿ: ಇಲ್ಲಿ ಮಾತನಾಡುತ್ತಿರುವವರ ಎದುರಿಗೆ ಬಿಷಪ್ ಕೂತಿದ್ದಾನೆ, ಅವರ ಬೆನ್ನಿಗೆ ಸೆರೆಮನೆಯ ಬಾಗಿಲಿದೆ.